ಮುರಿದ ನಂಬಿಕೆ ಮತ್ತು ಅರ್ಧ ಕ್ಷಮೆ: ಜನಬೆಂಬಲ ಕಳೆದುಕೊಂಡ ನಾಯಕರ ಮುಂದಿರುವ ದಾರಿ

ಪ್ರಶ್ನೆ: ನಾನು ಚುನಾಯಿತ ನಾಯಕರೊಬ್ಬರ ಕಚೇರಿಯಲ್ಲಿ ಭಾಷಣ ಮತ್ತು ಪ್ರಚಾರದ ಕೆಲಸ ನೋಡಿಕೊಳ್ಳುತ್ತೇನೆ. ಮೂರೂವರೆ ವರ್ಷಗಳ ಹಿಂದೆ ಭಾರಿ ಬಹುಮತದಿಂದ ಗೆದ್ದವರು ಇಂದು ಯಾವ ಸಭೆಗೆ ಹೋದರೂ ಧಿಕ್ಕಾರ ಕೂಗಿಸಿಕೊಂಡು ಬರುತ್ತಿದ್ದಾರೆ. ಹೆಚ್ಚಿಸುವುದಿಲ್ಲವೆಂದು ಪ್ರಣಾಳಿಕೆಯಲ್ಲಿ ಬರೆದುಕೊಟ್ಟಿದ್ದ ಶುಲ್ಕವನ್ನು ಎರಡನೇ ವರ್ಷದಲ್ಲೇ ಹೆಚ್ಚಿಸಿದರು; ಕಳೆದ ವರ್ಷದ ನೆರೆಯಲ್ಲಿ ಪರಿಹಾರ ತಲುಪುವುದು ತೀರಾ ತಡವಾಯಿತು. ರಾಜ್ಯವಿಡೀ ಪ್ರವಾಸ ಮಾಡಿ ಎಂದು ಕೆಲವು ಆಪ್ತರು, ಹೊಸ ಯೋಜನೆ ಘೋಷಿಸಿ ಎಂದು ಇನ್ನು ಕೆಲವರು ಹೇಳುತ್ತಿದ್ದಾರೆ. ಕ್ಷಮೆ ಕೇಳಿದರೆ ದುರ್ಬಲರಂತೆ ಕಾಣುತ್ತಾರೆ ಎನ್ನುವವರೇ ಹೆಚ್ಚು. ಚುನಾವಣೆಗೆ ಒಂದೂವರೆ ವರ್ಷವಿದೆ. ಹೋದ ನಂಬಿಕೆ ಮರಳಿ ಬರುತ್ತದೆಯೇ? ನಾನು ಸಿದ್ಧಪಡಿಸಿರುವ ಭಾಷಣದ ಕರಡನ್ನು ಜೊತೆಗಿಟ್ಟಿದ್ದೇನೆ.

ಉತ್ತರ: ನಿಮ್ಮ ಕರಡಿನಲ್ಲಿ ಜನಪ್ರಿಯತೆ ಮತ್ತು ನಂಬಿಕೆ ಎಂಬ ಎರಡು ಪದಗಳು ಒಂದರ ಜಾಗದಲ್ಲಿ ಇನ್ನೊಂದು ಎಂಬಂತೆ ಬಂದುಹೋಗಿವೆ. ಮೊದಲು ಇವೆರಡನ್ನು ಬೇರ್ಪಡಿಸಿಕೊಳ್ಳಬೇಕು, ಏಕೆಂದರೆ ನಿಮ್ಮ ನಾಯಕರ ಆಪ್ತರು ಹೇಳುತ್ತಿರುವ ಮದ್ದೆಲ್ಲ ಜನಪ್ರಿಯತೆಗೆ ಸಂಬಂಧಿಸಿದ್ದು, ಕಾಯಿಲೆ ಇರುವುದು ನಂಬಿಕೆಯಲ್ಲಿ. ಒಬ್ಬ ನಾಯಕರನ್ನು ಇಷ್ಟಪಡುವುದು ಆ ಹೊತ್ತಿನ ಮನಸ್ಸಿನ ಮಾತು. ನಂಬುವುದೆಂದರೆ, ನಾನು ನೋಡದಿರುವಾಗಲೂ ಇವರು ಹೇಳಿದ್ದನ್ನೇ ಮಾಡುತ್ತಾರೆ ಎಂದು ಭಾವಿಸಿ ನನ್ನ ಹಿತದ ಒಂದು ಪಾಲನ್ನು ಅವರ ಕೈಗೆ ಒಪ್ಪಿಸುವುದು.

ಅಮೆರಿಕದ ಅಧ್ಯಕ್ಷರಾಗಿದ್ದ ಹಿರಿಯ ಜಾರ್ಜ್ ಬುಷ್ ಅವರ ಕಥೆಯಲ್ಲಿ ಈ ವ್ಯತ್ಯಾಸ ಸ್ಪಷ್ಟವಾಗಿ ಕಾಣುತ್ತದೆ. 1991ರ ಆರಂಭದಲ್ಲಿ ಕೊಲ್ಲಿ ಯುದ್ಧ ಮುಗಿದಾಗ ಗ್ಯಾಲಪ್ ಸಮೀಕ್ಷೆಯಲ್ಲಿ ಅವರ ಕೆಲಸವನ್ನು ಮೆಚ್ಚಿದವರು ಶೇ 89ರಷ್ಟಿದ್ದರು. ಮರುವರ್ಷದ ನವೆಂಬರ್‌ನಲ್ಲಿ ಅವರು ಚುನಾವಣೆ ಸೋತರು. ಆರ್ಥಿಕ ಹಿಂಜರಿತ ಅದಕ್ಕೆ ದೊಡ್ಡ ಕಾರಣ, ನಿಜ. ಆದರೆ ಹೊಸ ತೆರಿಗೆ ಹಾಕುವುದಿಲ್ಲ, ನನ್ನ ತುಟಿಗಳನ್ನೇ ನೋಡಿಕೊಳ್ಳಿ ಎಂದು 1988ರ ಪಕ್ಷದ ಸಮಾವೇಶದಲ್ಲಿ ಹೇಳಿ, 1990ರ ಬಜೆಟ್ ಒಪ್ಪಂದದಲ್ಲಿ ತೆರಿಗೆ ಏರಿಕೆಗೆ ಒಪ್ಪಿಕೊಂಡದ್ದನ್ನು ಯುದ್ಧದ ಜಯಘೋಷ ಮುಚ್ಚಿಟ್ಟಿತ್ತೇ ಹೊರತು ಅಳಿಸಿರಲಿಲ್ಲ. ಘೋಷ ಅಡಗಿದ ಮೇಲೆ ಎದುರಾಳಿಗಳು ಮಾಡಬೇಕಾಗಿದ್ದು ಆ ಹಳೆಯ ವಿಡಿಯೊ ತುಣುಕನ್ನು ಮತ್ತೆ ಮತ್ತೆ ತೋರಿಸುವುದಷ್ಟೇ.

ಅಮೆರಿಕದ ಇನ್ನೊಬ್ಬ ಅಧ್ಯಕ್ಷ ಹ್ಯಾರಿ ಟ್ರೂಮನ್ ಅವರದು ಇದಕ್ಕೆ ತಿರುಗುಮುರುಗಾದ ಕಥೆ. 1945ರ ಜೂನ್‌ನಲ್ಲಿ ಶೇ 87ರಷ್ಟಿದ್ದ ಅವರ ಜನಬೆಂಬಲ, ಮುಷ್ಕರಗಳು, ಸರಕಿನ ಅಭಾವ ಮತ್ತು ಬೆಲೆ ಏರಿಕೆಯ ನಡುವೆ ಮರುವರ್ಷದ ಶರತ್ಕಾಲಕ್ಕೆ ಮೂವತ್ತರ ಆಸುಪಾಸಿಗೆ ಇಳಿದಿತ್ತು. ನವೆಂಬರ್‌ನಲ್ಲಿ ಅವರ ಪಕ್ಷ ಸಂಸತ್ತಿನ ಎರಡೂ ಸದನಗಳನ್ನು ಕಳೆದುಕೊಂಡಿತು. 1948ರಲ್ಲಿ ಅವರ ಸ್ವಂತ ಪಕ್ಷದವರೇ ಒಬ್ಬ ಬೇರೆ ಅಭ್ಯರ್ಥಿಗಾಗಿ ಹುಡುಕಾಡಿದ್ದರು. ಟ್ರೂಮನ್ ಆಗ ಮಾಡಿದ್ದೇನು? ತಮ್ಮನ್ನು ಇಷ್ಟವಾಗುವಂತೆ ರೂಪಿಸಿಕೊಳ್ಳಲು ಅವರು ಹೋಗಲಿಲ್ಲ. ವಿರೋಧ ಪಕ್ಷದವರು ತಮ್ಮ ಸಮಾವೇಶದಲ್ಲಿ ಕೊಟ್ಟ ಭರವಸೆಗಳನ್ನೇ ಹಿಡಿದುಕೊಂಡು, ಇವನ್ನು ಕಾನೂನು ಮಾಡಿ ತೋರಿಸಿ ಎಂದು ಜುಲೈ 26ಕ್ಕೆ ಸಂಸತ್ತಿನ ವಿಶೇಷ ಅಧಿವೇಶನ ಕರೆದರು. ಅದೇ ದಿನ, ವರ್ಣಭೇದ ಬೇರೂರಿದ್ದ ದಕ್ಷಿಣ ರಾಜ್ಯಗಳ ಮತಗಳು ಕೈಬಿಡುತ್ತವೆಂಬ ಅರಿವಿದ್ದೂ, ಸೇನೆಯಲ್ಲಿ ವರ್ಣಭೇದ ತೊಲಗಿಸುವ 9981ನೇ ಸಂಖ್ಯೆಯ ಆದೇಶಕ್ಕೆ ಸಹಿ ಹಾಕಿದರು. ಅಧಿವೇಶನದಿಂದ ಹೇಳಿಕೊಳ್ಳುವಂಥದ್ದೇನೂ ಹೊರಬರಲಿಲ್ಲ, ಮತ್ತು ರೈಲಿನ ಹಿಂಬದಿಯ ಕಟಕಟೆಯಲ್ಲಿ ನಿಂತು ಊರೂರಿಗೆ ಅವರು ಹೇಳಿದ್ದೂ ಅದನ್ನೇ. ನವೆಂಬರ್‌ನಲ್ಲಿ, ಎದುರಾಳಿ ಡ್ಯೂಯಿ ಗೆದ್ದರೆಂದು ಮೊದಲೇ ಮುದ್ರಿಸಿಬಿಟ್ಟಿದ್ದ ಷಿಕಾಗೊ ಟ್ರಿಬ್ಯೂನ್ ಪತ್ರಿಕೆಯನ್ನು ಗೆದ್ದ ಟ್ರೂಮನ್ ನಗುತ್ತಾ ಎತ್ತಿ ಹಿಡಿದಿರುವ ಚಿತ್ರವನ್ನು ನೀವೂ ನೋಡಿರುತ್ತೀರಿ. ಅದೇ ಟ್ರೂಮನ್ 1952ರ ಫೆಬ್ರುವರಿಯಲ್ಲಿ ಕೊರಿಯಾ ಯುದ್ಧದ ಕಾರಣ ಶೇ 22ಕ್ಕೆ ಇಳಿದರು ಎಂಬುದನ್ನೂ ಹೇಳಬೇಕು. ಈ ಮನುಷ್ಯ ಏನು ಮಾಡುತ್ತಾನೆ, ಎಲ್ಲಿ ನಿಂತಿದ್ದಾನೆ ಎಂಬ ಬಗ್ಗೆ ಜನರಿಗೆ ಗೊಂದಲವಿಲ್ಲದಿದ್ದರೆ ಜನಪ್ರಿಯತೆ ಇಲ್ಲದ ಕಾಲವನ್ನು ನಾಯಕರು ದಾಟಬಲ್ಲರು, ಅಥವಾ ಕನಿಷ್ಠ ಮರ್ಯಾದೆಯಿಂದ ಸೋಲಬಲ್ಲರು.

ಈಗ ನಿಮ್ಮ ನಾಯಕರ ವಿಷಯಕ್ಕೆ ಬರುತ್ತೇನೆ. ನಂಬಿಕೆಯ ಕುರಿತು ಅಧ್ಯಯನ ಮಾಡಿದವರು, ಅದರಲ್ಲೂ 1995ರಲ್ಲಿ ಮೇಯರ್, ಡೇವಿಸ್ ಮತ್ತು ಸ್ಕೂರ್‌ಮನ್ ಮುಂದಿಟ್ಟ ವಿವರಣೆಯನ್ನು ಅನುಸರಿಸುವವರು, ನಾವು ಒಬ್ಬರನ್ನು ನಂಬುವಾಗ ಮೂರು ಸಂಗತಿಗಳನ್ನು ತೂಗುತ್ತೇವೆ ಎನ್ನುತ್ತಾರೆ: ಇವರಿಗೆ ಈ ಕೆಲಸ ಬರುತ್ತದೆಯೇ, ಇವರಿಗೆ ನಮ್ಮ ಹಿತ ಬೇಕೇ, ಇವರು ನುಡಿದಂತೆ ನಡೆಯುವವರೇ. ನೆರೆ ಪರಿಹಾರ ತಡವಾದದ್ದು ಮೊದಲನೆಯದಕ್ಕೆ ಬಿದ್ದ ಪೆಟ್ಟು, ಸ್ವಲ್ಪಮಟ್ಟಿಗೆ ಎರಡನೆಯದಕ್ಕೂ. ಶುಲ್ಕ ಹೆಚ್ಚಿಸಿದ್ದು ನೇರವಾಗಿ ಮೂರನೆಯದಕ್ಕೆ ಬಿದ್ದದ್ದು. ಇವೆರಡನ್ನೂ ಒಂದೇ ಭಾಷಣದಲ್ಲಿ, ಒಂದೇ ದನಿಯಲ್ಲಿ, ಕೆಲವು ಲೋಪಗಳು ಎಂಬ ಒಂದೇ ಗಂಟಿನಲ್ಲಿ ಕಟ್ಟಿರುವುದೇ ನಿಮ್ಮ ಕರಡಿನ ದೊಡ್ಡ ದೋಷ. ಏಕೆಂದರೆ ಈ ಎರಡು ಗಾಯಗಳು ಮಾಯುವ ರೀತಿ ಬೇರೆ ಬೇರೆ. ಕೆಲಸ ಬಾರದವರೆಂದು ತಿಳಿದಿದ್ದವರು ಒಮ್ಮೆ ಕಷ್ಟದ ಕೆಲಸವನ್ನು ಅಚ್ಚುಕಟ್ಟಾಗಿ ಮಾಡಿ ತೋರಿಸಿದರೆ ಜನ ತಮ್ಮ ಅಭಿಪ್ರಾಯವನ್ನು ತಿದ್ದಿಕೊಳ್ಳುತ್ತಾರೆ. ಬಾರದಿದ್ದರೆ ಮಾಡಲಾಗುತ್ತಿರಲಿಲ್ಲವಲ್ಲ ಎಂದು ತರ್ಕಿಸುತ್ತಾರೆ. ಆದರೆ ಒಮ್ಮೆ ಮಾತು ತಪ್ಪಿದವರು ಹತ್ತು ಬಾರಿ ಮಾತು ಉಳಿಸಿಕೊಂಡರೂ ಅದು ಅಷ್ಟು ಲೆಕ್ಕಕ್ಕೆ ಬರುವುದಿಲ್ಲ, ಏಕೆಂದರೆ ಅಪ್ರಾಮಾಣಿಕರೂ ತಮಗೆ ಅನುಕೂಲವಾದಾಗ ಸತ್ಯ ಹೇಳುತ್ತಾರೆ ಎಂಬುದು ಎಲ್ಲರಿಗೂ ಗೊತ್ತು.

ನೆರೆಯ ವಿಷಯ ಸುಲಭ ಎನ್ನುವುದಿಲ್ಲ, ಆದರೆ ಅದರ ದಾರಿ ಗೊತ್ತಿರುವುದು. 1961ರ ಏಪ್ರಿಲ್‌ನಲ್ಲಿ ಅಮೆರಿಕ ಕ್ಯೂಬಾದ ಮೇಲೆ ಮಾಡಿಸಿದ ಬೇ ಆಫ್ ಪಿಗ್ಸ್ ದಾಳಿ ಮೂರೇ ದಿನಗಳಲ್ಲಿ ನೆಲಕಚ್ಚಿದಾಗ, ಅಧಿಕಾರಕ್ಕೆ ಬಂದು ಮೂರು ತಿಂಗಳಷ್ಟೇ ಆಗಿದ್ದ ಅಧ್ಯಕ್ಷ ಜಾನ್ ಕೆನಡಿ, ಆ ಯೋಜನೆ ಹಿಂದಿನ ಸರ್ಕಾರದ ಕಾಲದಲ್ಲಿ ಶುರುವಾದದ್ದು ಎಂದು ಕೈತೊಳೆದುಕೊಳ್ಳಬಹುದಿತ್ತು. ಏಪ್ರಿಲ್ 21ರ ಪತ್ರಿಕಾಗೋಷ್ಠಿಯಲ್ಲಿ ಅವರು ಗೆಲುವಿಗೆ ನೂರು ಅಪ್ಪಂದಿರು, ಸೋಲು ಅನಾಥ ಎಂಬ ಮಾತನ್ನು ನೆನಪಿಸಿ, ಸರ್ಕಾರದ ಹೊಣೆಗಾರ ಅಧಿಕಾರಿ ತಾನೇ ಎಂದರು. ಅದರ ಬೆನ್ನಿಗೇ ಅವರ ಜನಬೆಂಬಲ ಶೇ 83ಕ್ಕೆ ಏರಿತು. ಸಾಮಾನ್ಯವಾಗಿ ಈ ಕಥೆಯನ್ನು ಇಲ್ಲಿಗೆ ನಿಲ್ಲಿಸಿಬಿಡುತ್ತಾರೆ, ಹೊಣೆ ಹೊತ್ತರು, ಜನ ಮೆಚ್ಚಿದರು ಎಂದು. ವಿದೇಶಿ ಬಿಕ್ಕಟ್ಟಿನಲ್ಲಿ ಜನ ತಮ್ಮ ನಾಯಕರ ಸುತ್ತ ಸೇರಿಕೊಳ್ಳುವುದು ಸಹಜವಾದ್ದರಿಂದ ಆ ಅಂಕಿಗೆ ನಾನು ಹೆಚ್ಚು ಬೆಲೆ ಕೊಡುವುದಿಲ್ಲ. ನನಗೆ ಮುಖ್ಯವೆನಿಸುವುದು ಅದರ ನಂತರ ನಡೆದದ್ದು: ಏನು ತಪ್ಪಾಯಿತೆಂದು ತನಿಖೆ ಮಾಡಿಸಿದರು, ಗುಪ್ತಚರ ಸಂಸ್ಥೆಯ ಮುಖ್ಯಸ್ಥರನ್ನು ಅದೇ ವರ್ಷ ಬದಲಾಯಿಸಿದರು, ಮತ್ತು 1962ರ ಅಕ್ಟೋಬರ್‌ನಲ್ಲಿ ಕ್ಯೂಬಾದಲ್ಲಿ ಸೋವಿಯತ್ ಕ್ಷಿಪಣಿಗಳ ಬಿಕ್ಕಟ್ಟು ಬಂದಾಗ ಸಲಹೆಗಾರರು ಒಬ್ಬರನ್ನೊಬ್ಬರು ಪ್ರಶ್ನಿಸಲಿ ಎಂದು ಕೆಲವೊಮ್ಮೆ ತಾವೇ ಸಭೆಯಿಂದ ಹೊರಗುಳಿದರು. ನಿರ್ಧಾರ ತೆಗೆದುಕೊಳ್ಳುವ ಕ್ರಮವೇ ಬದಲಾಗಿತ್ತು.

ನಿಮ್ಮಲ್ಲೂ ಆಗಬೇಕಾದದ್ದು ಇದೇ. ಪರಿಹಾರ ಎಲ್ಲಿ ಸಿಕ್ಕಿಕೊಂಡಿತು, ಯಾರ ಮೇಜಿನ ಮೇಲೆ ಎಷ್ಟು ದಿನ ಕುಳಿತಿತ್ತು, ಯಾವ ಸಹಿಗಾಗಿ ಕಾಯಿತು ಎಂಬುದನ್ನು ಹೊರಗಿನವರಿಂದ ಪರಿಶೀಲಿಸಿ, ಬಂದ ವರದಿಯನ್ನು ಒಂದಕ್ಷರ ತಿದ್ದದೆ ಪ್ರಕಟಿಸಿ, ಆ ಒಂದು ಗಂಟನ್ನು ಬಿಡಿಸಿ. ಮುಂದಿನ ಮಳೆಗಾಲದಲ್ಲಿ ಹಣ ಹೇಳಿದ ದಿನದೊಳಗೆ ಸಂತ್ರಸ್ತರ ಖಾತೆಗೆ ಬಿದ್ದರೆ ನೀವು ಭಾಷಣ ಬರೆಯುವ ಅಗತ್ಯವೇ ಇರುವುದಿಲ್ಲ. ಹಾಗೆಯೇ, ನೆರೆಪೀಡಿತ ಜಾಗಕ್ಕೆ ಛಾಯಾಗ್ರಾಹಕರ ಜೊತೆ ಹೋಗುವ ವಿಷಯದಲ್ಲಿ ಎಚ್ಚರವಿರಲಿ. 2005ರಲ್ಲಿ ಕತ್ರೀನಾ ಚಂಡಮಾರುತದ ನಂತರ ಕಿರಿಯ ಬುಷ್ ವಿಮಾನದ ಕಿಟಕಿಯಿಂದ ಮುಳುಗಿದ ನ್ಯೂ ಆರ್ಲಿಯನ್ಸ್ ನಗರವನ್ನು ನೋಡುತ್ತಿರುವ ಚಿತ್ರವನ್ನು ಹೊರಗೆ ಬಿಟ್ಟವರು ಅವರ ಕಡೆಯವರೇ. ಕಾಳಜಿ ತೋರಿಸಲೆಂದು ಬಿಟ್ಟ ಚಿತ್ರ, ಎತ್ತರದಲ್ಲಿ ಕುಳಿತು ನೋಡುವವರು ಎಂಬುದಕ್ಕೆ ಸಾಕ್ಷಿಯಾಗಿ ಉಳಿಯಿತು.

ಶುಲ್ಕದ ವಿಷಯ ಇದಕ್ಕಿಂತ ಕಠಿಣವಾದ್ದರಿಂದ ಅಲ್ಲಿ ಹೆಚ್ಚು ಹೊತ್ತು ನಿಲ್ಲುತ್ತೇನೆ. ನಿಮ್ಮ ಪರಿಸ್ಥಿತಿಗೆ ತೀರಾ ಹತ್ತಿರದ ಉದಾಹರಣೆ ಬ್ರಿಟನ್ನಿನದು. ಲಿಬರಲ್ ಡೆಮಾಕ್ರಟ್ ಪಕ್ಷದ ನಾಯಕ ನಿಕ್ ಕ್ಲೆಗ್, 2010ರ ಚುನಾವಣೆಗೆ ಮುನ್ನ, ವಿಶ್ವವಿದ್ಯಾಲಯಗಳ ಬೋಧನಾ ಶುಲ್ಕವನ್ನು ಹೆಚ್ಚಿಸುವ ಯಾವುದೇ ಪ್ರಸ್ತಾವದ ವಿರುದ್ಧ ಮತ ಹಾಕುತ್ತೇನೆಂಬ ಪ್ರತಿಜ್ಞಾಪತ್ರಕ್ಕೆ ಸಹಿ ಹಾಕಿ, ಆ ಹಾಳೆಯನ್ನು ಕೈಯಲ್ಲಿ ಹಿಡಿದು ಫೋಟೊ ತೆಗೆಸಿಕೊಂಡಿದ್ದರು. ಅದೇ ವರ್ಷದ ಡಿಸೆಂಬರ್‌ನಲ್ಲಿ, ಸಮ್ಮಿಶ್ರ ಸರ್ಕಾರದ ಉಪಪ್ರಧಾನಿಯಾಗಿ, ಶುಲ್ಕದ ಮಿತಿಯನ್ನು ಸುಮಾರು 3,300 ಪೌಂಡ್‌ಗಳಿಂದ 9,000 ಪೌಂಡ್‌ಗಳಿಗೆ ಏರಿಸುವ ಪ್ರಸ್ತಾವದ ಪರ ಮತ ಹಾಕಿದರು. ಸುಮಾರು ಎರಡು ವರ್ಷ ಸುಮ್ಮನಿದ್ದು, 2012ರ ಸೆಪ್ಟೆಂಬರ್‌ನಲ್ಲಿ ವಿಡಿಯೊ ಒಂದರಲ್ಲಿ ಕ್ಷಮೆ ಕೇಳಿದರು. ಕ್ಷಮೆ ಕೇಳಿದ್ದೇನೋ ಸರಿ, ಯಾವುದಕ್ಕೆ ಕೇಳಿದರು ಎಂಬುದನ್ನು ಗಮನಿಸಿ: ಈಡೇರಿಸಲಾಗುತ್ತದೆಂಬ ಖಾತರಿ ಇಲ್ಲದಿದ್ದಾಗ ಅಂಥ ಮಾತು ಕೊಡಬಾರದಿತ್ತು ಎಂದು. ಮಾತು ಮುರಿದದ್ದಕ್ಕಲ್ಲ, ಕೊಟ್ಟದ್ದಕ್ಕೆ ಕ್ಷಮೆ. ಕಿರಿಯ ಪಾಲುದಾರ ಪಕ್ಷವಾಗಿ ಅವರ ಕೈಕಟ್ಟಿತ್ತು ಎಂಬುದು ಸುಳ್ಳಲ್ಲ, ಅವರ ತರ್ಕದಲ್ಲೂ ತಪ್ಪಿಲ್ಲ. ಆದರೆ ಕೇಳಿಸಿಕೊಂಡ ವಿದ್ಯಾರ್ಥಿಗೆ ಅನಿಸಿದ್ದು, ನಾನು ನಿಮ್ಮನ್ನು ನಂಬಿದ್ದೇ ತಪ್ಪು ಎಂದು ನೀವೇ ಹೇಳುತ್ತಿದ್ದೀರಿ ಎಂದು. ಆ ವಿಡಿಯೊಗೆ ಯಾರೋ ರಾಗ ಕೂಡಿಸಿ ಹಾಡು ಮಾಡಿ ಹಂಚಿದರು. 2015ರ ಚುನಾವಣೆಯಲ್ಲಿ ಪಕ್ಷದ ಬಲ 57 ಸ್ಥಾನಗಳಿಂದ 8ಕ್ಕೆ ಇಳಿಯಿತು. ಕುಸಿತಕ್ಕೆ ಬೇರೆ ಕಾರಣಗಳೂ ಇದ್ದವು, ಆದರೆ ಆ ಹಾಳೆಯ ಫೋಟೊ ಕೊನೆಯವರೆಗೂ ಅವರ ಬೆನ್ನು ಬಿಡಲಿಲ್ಲ.

ಕ್ಷಮೆಯ ಕರಡು ತಿದ್ದುವ ಕೋಣೆಗಳಲ್ಲಿ ನಾನೂ ಕುಳಿತಿದ್ದೇನೆ. ಒಂದು ಸಂಜೆಯದ್ದು ಈಗಲೂ ಕಣ್ಣಿಗೆ ಕಟ್ಟಿದಂತಿದೆ. ನಾಯಕರು ತಾವೇ ಕೈಬರಹದಲ್ಲಿ ಬರೆದುಕೊಂಡು ತಂದಿದ್ದ ಮೊದಲ ಸಾಲು ಹೀಗಿತ್ತು: ನಾನು ಮಾತು ತಪ್ಪಿದೆ. ವಕೀಲರು ಅದನ್ನು ಮಾತು ತಪ್ಪಿದಂತಾಯಿತು ಎಂದು ತಿದ್ದಿದರು. ಪಕ್ಷದ ಹಿರಿಯರೊಬ್ಬರು, ತಪ್ಪಿದಂತಾಯಿತು ಎಂದರೂ ಒಪ್ಪಿಕೊಂಡ ಹಾಗೆಯೇ ಎಂದು, ಮಾತು ತಪ್ಪಿದಂತೆ ಕೆಲವರಿಗೆ ಅನಿಸಿದೆ ಎಂದು ಮಾಡಿದರು. ಕಾಫಿ ಬಂದು ಹೋಗುವಷ್ಟರಲ್ಲಿ ಅದು, ಯಾರಿಗಾದರೂ ಹಾಗೆ ಅನಿಸಿದ್ದಲ್ಲಿ ವಿಷಾದ ವ್ಯಕ್ತಪಡಿಸುತ್ತೇನೆ ಎಂಬಲ್ಲಿಗೆ ಬಂದು ನಿಂತಿತ್ತು. ನಾಲ್ಕು ಜನ, ಒಂದು ಗಂಟೆ, ಮೂರು ಪದಗಳ ವಾಕ್ಯವೊಂದು ಹೀಗೆ ಸತ್ತಿತು. ನಮ್ಮ ಭಾಷೆಯಲ್ಲಿ ಜಾರಿಕೊಳ್ಳುವುದಕ್ಕೆ ಒಳ್ಳೆಯ ಅನುಕೂಲಗಳಿವೆ: ತಪ್ಪಾಯಿತು ಎಂದರೆ ತಪ್ಪು ತಾನಾಗಿಯೇ ಮಳೆಯಂತೆ ಬಂದು ಬಿದ್ದ ಹಾಗೆ ಕೇಳುತ್ತದೆ, ನೋವಾಗಿದ್ದರೆ ಎನ್ನುವಲ್ಲಿಯ ಕೊನೆಯ ಎರಡಕ್ಷರ ಎದುರಿಗಿರುವವರ ನೋವನ್ನೇ ಅನುಮಾನಿಸುತ್ತದೆ, ಮತ್ತು ವಿಷಾದ ಎಂಬ ಪದವನ್ನು ಮನೆಯಲ್ಲಿ ಯಾರೂ ಯಾರಿಗೂ ಹೇಳುವುದಿಲ್ಲ. ಕೇಳುಗರು ವ್ಯಾಕರಣ ಓದಿರದಿದ್ದರೂ ಈ ಜಾರುವಿಕೆಯನ್ನು ಕಿವಿಯಲ್ಲೇ ಹಿಡಿಯುತ್ತಾರೆ.

ಬೇರೆ ಭಾಷೆಗಳಲ್ಲೂ ಇದೇ ಆಟ ನಡೆಯುತ್ತದೆ. ಇರಾನಿಗೆ ಗುಟ್ಟಾಗಿ ಶಸ್ತ್ರಾಸ್ತ್ರ ಮಾರಿದ ಹಗರಣ 1986ರ ನವೆಂಬರ್‌ನಲ್ಲಿ ಬಯಲಾದಾಗ ಅಮೆರಿಕದ ಅಧ್ಯಕ್ಷ ರೊನಾಲ್ಡ್ ರೇಗನ್ ಅವರ ಜನಬೆಂಬಲ ಕೆಲವೇ ವಾರಗಳಲ್ಲಿ ಶೇ 63ರಿಂದ 47ಕ್ಕೆ ಬಿತ್ತು. ಒತ್ತೆಯಾಳುಗಳ ಬಿಡುಗಡೆಗಾಗಿ ಶಸ್ತ್ರ ಕೊಟ್ಟಿಲ್ಲವೆಂದು ಅವರು ಮೊದಲು ಖಡಾಖಂಡಿತ ಹೇಳಿದ್ದರು. 1987ರ ಜನವರಿಯಲ್ಲಿ ಸಂಸತ್ತಿನ ಮುಂದೆ ಮಾತನಾಡುವಾಗ, ಗಂಭೀರ ತಪ್ಪುಗಳು ಆಗಿವೆ ಎಂದರು; ಆ ವಾಕ್ಯದಲ್ಲಿ ತಪ್ಪು ಮಾಡಿದವರೇ ಇರಲಿಲ್ಲ, ಯಾರಿಗೂ ಸಮಾಧಾನವೂ ಆಗಲಿಲ್ಲ. ಫೆಬ್ರುವರಿ ಕೊನೆಯಲ್ಲಿ, ಅವರೇ ನೇಮಿಸಿದ್ದ ಟವರ್ ಆಯೋಗ ಅವರ ಕಾರ್ಯಶೈಲಿಯನ್ನೇ ಟೀಕಿಸಿ ವರದಿ ಕೊಟ್ಟಿತು. ಮಾರ್ಚ್ 4ರ ರಾತ್ರಿ ಟಿವಿಯಲ್ಲಿ ಅವರು ಆಡಿದ ಮಾತಿನ ಸಾರ ಇಷ್ಟು: ಒತ್ತೆಯಾಳುಗಳಿಗಾಗಿ ಶಸ್ತ್ರ ಕೊಡಲಿಲ್ಲ ಎಂದು ನಿಮಗೆ ಹೇಳಿದ್ದೆ, ನನ್ನ ಹೃದಯ ಈಗಲೂ ಹಾಗೆಯೇ ಹೇಳುತ್ತದೆ, ಆದರೆ ಸಂಗತಿಗಳು ಮತ್ತು ಸಾಕ್ಷ್ಯಗಳು ಹಾಗಲ್ಲ ಎನ್ನುತ್ತಿವೆ, ನನ್ನ ಕೆಲಸಕ್ಕೂ ನನ್ನ ಆಡಳಿತದ ಕೆಲಸಕ್ಕೂ ಪೂರ್ಣ ಹೊಣೆ ನನ್ನದು. ಹೃದಯದ ಮಾತು ಇನ್ನೂ ಒಂದು ನೆಪವೇ, ನನ್ನ ಮಟ್ಟಿಗೆ ಅದು ಪರಿಪೂರ್ಣ ಕ್ಷಮೆಯಲ್ಲ. ಆದರೂ ಹಳೆಯ ಮಾತು ಸುಳ್ಳಾಗಿತ್ತೆಂದು ಆಡಿದ ಬಾಯಿಂದಲೇ ಹೊರಟಿತು, ಅದಕ್ಕೆ ಮೊದಲೇ ಕಚೇರಿಯ ಮುಖ್ಯಸ್ಥರನ್ನು ಬದಲಿಸಿ ವಿರೋಧಿಗಳೂ ಗೌರವಿಸುತ್ತಿದ್ದ ಹೊವರ್ಡ್ ಬೇಕರ್ ಅವರನ್ನು ಕರೆತಂದಿದ್ದರು. ಜನಬೆಂಬಲ ಮರಳಲು ಒಂದೂವರೆ ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು, ಮತ್ತು ಅದರಲ್ಲಿ ಸೋವಿಯತ್ ಒಕ್ಕೂಟದ ಜೊತೆಗಿನ ಶಸ್ತ್ರ ಒಪ್ಪಂದದಂಥ ನಿಜವಾದ ಕೆಲಸಗಳ ಪಾಲೂ ಇತ್ತು.

ಕ್ಷಮೆ ಕೇಳಿದರೆ ದುರ್ಬಲರಂತೆ ಕಾಣುತ್ತಾರೆ ಎಂಬ ಆಪ್ತರ ಆತಂಕದಲ್ಲಿ ಒಂದು ಎಳೆ ಸತ್ಯವಿದೆ, ಅದನ್ನು ತಳ್ಳಿಹಾಕಬಾರದು. 2004ರಲ್ಲಿ ಪೀಟರ್ ಕಿಮ್ ಮತ್ತು ಅವರ ಸಂಗಡಿಗರು ಪ್ರಕಟಿಸಿದ ಪ್ರಯೋಗಗಳಲ್ಲಿ, ಸಾಮರ್ಥ್ಯದ ಕೊರತೆಯಿಂದಾದ ತಪ್ಪಿಗೆ ಕ್ಷಮೆ ಕೇಳಿದವರ ಮೇಲೆ ನಂಬಿಕೆ ಹೆಚ್ಚು ಮರಳಿತು. ಪ್ರಾಮಾಣಿಕತೆಗೆ ಸಂಬಂಧಿಸಿದ ಆರೋಪವಾದರೆ ಕ್ಷಮೆಗಿಂತ ನಿರಾಕರಣೆಯೇ ಹೆಚ್ಚು ಫಲ ಕೊಟ್ಟಿತು, ಆ ವ್ಯಕ್ತಿ ತಪ್ಪು ಮಾಡಿರಲಿಲ್ಲವೆಂದು ನಂತರ ಸಾಬೀತಾದಾಗಲೂ ಹಾಗೆಯೇ. ಆದರೆ ತಪ್ಪು ನಂತರ ಸಾಬೀತಾದರೆ, ಮೊದಲು ನಿರಾಕರಿಸಿದ್ದವರ ಸ್ಥಿತಿ ಕ್ಷಮೆ ಕೇಳಿದವರಿಗಿಂತ ಹೀನವಾಯಿತು. ನಿಮ್ಮ ನಾಯಕರ ಭರವಸೆ ಅಚ್ಚಾದ ಪ್ರಣಾಳಿಕೆಯಲ್ಲಿದೆ, ಶುಲ್ಕದ ಆದೇಶ ರಾಜಪತ್ರದಲ್ಲಿದೆ. ನಿರಾಕರಿಸಲು ಜಾಗವೇ ಇಲ್ಲ. ಹಾಗಾಗಿ ಕ್ಷಮೆ ಕೇಳಲೇಬೇಕು, ಮತ್ತು ಅದು ಒಂದೇ ಸಾಲದು ಎಂದು ತಿಳಿದೇ ಕೇಳಬೇಕು.

ಸಾಲದು ಎನ್ನುವುದಕ್ಕೆ ಅಮೆರಿಕದ ಅಧ್ಯಕ್ಷರಾಗಿದ್ದ ಜಿಮ್ಮಿ ಕಾರ್ಟರ್ ಅವರ 1979ರ ಜುಲೈ ನೆನಪಾಗುತ್ತದೆ. ಇಂಧನ ಬಿಕ್ಕಟ್ಟಿನ ನಡುವೆ ನಿಗದಿಯಾಗಿದ್ದ ಭಾಷಣವನ್ನು ರದ್ದುಮಾಡಿ, ಸುಮಾರು ಹತ್ತು ದಿನ ಅಧ್ಯಕ್ಷರ ವಿಶ್ರಾಂತಿಧಾಮ ಕ್ಯಾಂಪ್ ಡೇವಿಡ್‌ನಲ್ಲಿ ಕುಳಿತು, ರಾಜ್ಯಪಾಲರಿಂದ ಹಿಡಿದು ಧರ್ಮಗುರುಗಳು, ಸಾಮಾನ್ಯ ನಾಗರಿಕರವರೆಗೆ ಕರೆಸಿ ಟೀಕೆ ಕೇಳಿಸಿಕೊಂಡರು. ಜುಲೈ 15ರ ಭಾಷಣದಲ್ಲಿ ಆ ಟೀಕೆಗಳನ್ನೇ ಓದಿ ಹೇಳಿದರು. ನೀವು ದೇಶವನ್ನು ಮುನ್ನಡೆಸುತ್ತಿಲ್ಲ, ಬರೀ ಸರ್ಕಾರ ನಿಭಾಯಿಸುತ್ತಿದ್ದೀರಿ ಎಂದು ರಾಜ್ಯಪಾಲರೊಬ್ಬರು ಅಂದದ್ದನ್ನೂ ಬಿಡಲಿಲ್ಲ. ಆಮೇಲೆ ಸೋಲಿನ ಸಂಕೇತವೆಂದು ಹೆಸರಾದ ಆ ಭಾಷಣ ಆಗ ಜನರಿಗೆ ಹಿಡಿಸಿತ್ತು, ಬೆಂಬಲವೂ ಏರಿತ್ತು ಎಂಬುದನ್ನು ಬಹಳ ಜನ ಮರೆತಿದ್ದಾರೆ. ಕೆಡಿಸಿದ್ದು ಎರಡು ದಿನಗಳ ನಂತರದ ಹೆಜ್ಜೆ. ಇಡೀ ಸಂಪುಟದ ರಾಜೀನಾಮೆ ಕೇಳಿ, ಕೆಲವರನ್ನು ಕೈಬಿಟ್ಟಾಗ, ಹೊಣೆ ತನ್ನದೆಂದ ಮನುಷ್ಯ ಹೊಣೆಯನ್ನು ಬೇರೆಯವರ ತಲೆಗೆ ಕಟ್ಟಿದಂತೆಯೂ, ಸರ್ಕಾರವೇ ಕುಸಿಯುತ್ತಿರುವಂತೆಯೂ ಕಂಡಿತು. ಸಿಕ್ಕ ಬೆಂಬಲ ವಾರಗಳಲ್ಲೇ ಇಳಿದುಹೋಯಿತು. ಭಾಷಣದ ಮರುವಾರ ಏನು ನಡೆಯುತ್ತದೆ ಎಂಬುದು ನಿಶ್ಚಯವಾಗದೆ ಭಾಷಣದ ದಿನ ನಿಗದಿ ಮಾಡಬೇಡಿ ಎಂದು ನಾನು ಹೇಳುವುದು ಇದಕ್ಕೇ.

ಪ್ರವಾಸದ ಸಲಹೆಯ ಬಗ್ಗೆ ನನಗೆ ಅರ್ಧ ಮನಸ್ಸು. ಫ್ರಾನ್ಸ್‌ನಲ್ಲಿ 2018ರ ನವೆಂಬರ್ 17ರಂದು ಇಂಧನ ತೆರಿಗೆಯ ವಿರುದ್ಧ ಹಳದಿ ಅಂಗಿ ಚಳವಳಿ ಶುರುವಾದಾಗ, ಅಧ್ಯಕ್ಷ ಎಮ್ಯಾನುಯೆಲ್ ಮ್ಯಾಕ್ರೋನ್ ಮೊದಲು ತೆರಿಗೆಯನ್ನು ಕೈಬಿಟ್ಟರು, ನಂತರ ರಾಷ್ಟ್ರೀಯ ಮಹಾಚರ್ಚೆ ಎಂಬುದನ್ನು ಆರಂಭಿಸಿದರು. 2019ರ ಜನವರಿ 15ರಂದು ನಾರ್ಮಂಡಿಯ ಸಣ್ಣ ಪಟ್ಟಣವೊಂದರಲ್ಲಿ ಸುಮಾರು 600 ಮೇಯರ್‌ಗಳ ನಡುವೆ ಸುಮಾರು ಏಳು ಗಂಟೆ ಕುಳಿತು ಉತ್ತರಿಸಿದರು. ಸಭೆಗೆ ಬಂದವರು ತಮ್ಮವರಲ್ಲ, ಪ್ರಶ್ನೆಗಳು ಮೊದಲೇ ಬರೆದುಕೊಟ್ಟವಲ್ಲ, ಎದ್ದು ಹೋಗಲು ಗಡಿಯಾರದ ನೆಪವೂ ಇರಲಿಲ್ಲ. ಇಂಥ ಪ್ರವಾಸಕ್ಕೆ ನನ್ನ ಒಪ್ಪಿಗೆಯಿದೆ. ಅವರ ಬೆಂಬಲ ನಿಧಾನವಾಗಿ ಚೇತರಿಸಿತು, 2022ರಲ್ಲಿ ಮತ್ತೆ ಗೆದ್ದರು. ಆದರೆ ಪುರಭವನಗಳಲ್ಲಿ ಜನ ದೂರು ಬರೆದ ಪುಸ್ತಕಗಳು ದಾಖಲೆ ಸಂಗ್ರಹಾಲಯಗಳನ್ನು ಸೇರಿಕೊಂಡವು, ಮತ್ತು 2023ರ ಮಾರ್ಚ್‌ನಲ್ಲಿ ಪಿಂಚಣಿ ಸುಧಾರಣೆಯನ್ನು ಸಂವಿಧಾನದ 49.3ನೇ ವಿಧಿ ಬಳಸಿ ಕೆಳಮನೆಯಲ್ಲಿ ಅಂತಿಮ ಮತದಾನವಿಲ್ಲದೆ ಜಾರಿಗೆ ತಂದಾಗ, ಅಂದು ಕೇಳಿಸಿಕೊಂಡದ್ದೆಲ್ಲ ಎಲ್ಲಿಗೆ ಹೋಯಿತು ಎಂಬ ಪ್ರಶ್ನೆ ಮತ್ತೆ ಬೀದಿಗೆ ಬಂತು. ಕೇಳಿಸಿಕೊಳ್ಳುವವರು ಕೇಳಿದ್ದರಲ್ಲಿ ಒಂದಕ್ಕಾದರೂ ಮಣಿಯಬೇಕು, ಯಾವುದಕ್ಕೆ ಮಣಿದರೆಂದು ಬರೆದು ತಿಳಿಸಬೇಕು, ಮಣಿಯದಿದ್ದಕ್ಕೆ ಕಾರಣವನ್ನೂ ಕೊಡಬೇಕು. ಇಷ್ಟು ಮಾಡಲಾಗದಿದ್ದರೆ ಪ್ರವಾಸ ಬೇಡ.

ಹೊಸ ಯೋಜನೆಯ ಘೋಷಣೆ ಖಂಡಿತ ಬೇಡ. ಹಳೆಯ ಮಾತು ಉಳಿಸಿಕೊಳ್ಳದವರ ಹೊಸ ಮಾತು ಸಾಲದ ಮೇಲಿನ ಸಾಲದಂತೆ.

ಹಾಗಾದರೆ ಶುಲ್ಕದ ವಿಷಯದಲ್ಲಿ ಏನು ಮಾಡಬಹುದು? ಹಿಂತೆಗೆದುಕೊಳ್ಳಲು ಸಾಧ್ಯವಿದ್ದರೆ ಹಿಂತೆಗೆದುಕೊಳ್ಳಿ. ಮಣಿದರು ಎಂಬ ಎರಡು ದಿನದ ತಲೆಬರಹಕ್ಕೆ ಹೆದರಬೇಡಿ. ಖಜಾನೆಯ ಸ್ಥಿತಿ ಅದಕ್ಕೆ ಅವಕಾಶ ಕೊಡದಿದ್ದರೆ, ನಿಮ್ಮ ನಾಯಕರು ತಮ್ಮ ಅಧಿಕಾರದಲ್ಲೇ ಒಂದಂಶವನ್ನು ಬಿಟ್ಟುಕೊಡಬೇಕು. ಮುಂದೆ ಈ ಶುಲ್ಕ ಏರಿಸಬೇಕಾದರೆ ಸದನದ ಮತ ಬೇಕು, ಬರೀ ಇಲಾಖೆಯ ಆದೇಶ ಸಾಲದು ಎಂದು ಕಾನೂನು ತರಬಹುದು. ಹೆಚ್ಚುವರಿ ವಸೂಲಾದ ಹಣ ಎಲ್ಲಿ ಖರ್ಚಾಯಿತೆಂಬ ಲೆಕ್ಕವನ್ನು ಸ್ವತಂತ್ರ ಲೆಕ್ಕಪರಿಶೋಧಕರಿಂದ ಮೂರು ತಿಂಗಳಿಗೊಮ್ಮೆ ಪ್ರಕಟಿಸುವಂತೆ ಮಾಡಬಹುದು. ನನ್ನನ್ನು ನಂಬಿ ಎನ್ನುವುದಕ್ಕೂ, ನನ್ನನ್ನು ನಂಬುವ ಅಗತ್ಯವಿಲ್ಲ, ಇಗೋ ಲೆಕ್ಕ, ನೀವೇ ನೋಡಿಕೊಳ್ಳಿ ಎನ್ನುವುದಕ್ಕೂ ಬಹಳ ಅಂತರವಿದೆ, ಮತ್ತು ಮಾತು ತಪ್ಪಿದವರಿಗೆ ಉಳಿದಿರುವುದು ಎರಡನೆಯ ದಾರಿ ಮಾತ್ರ. ನಾಯಕರಿಗೆ ನಷ್ಟವಾಗುವಂಥದ್ದೇನೋ ಅದರಲ್ಲಿರಬೇಕು. ಪುಕ್ಕಟೆಯಾಗಿ ಸಿಗುವ ಪ್ರಾಮಾಣಿಕತೆಯನ್ನು ಜನ ಪ್ರಚಾರವೆಂದೇ ಎಣಿಸುತ್ತಾರೆ.

ಈ ನಷ್ಟದ ತುತ್ತತುದಿ ರಾಜೀನಾಮೆ. 1956ರ ನವೆಂಬರ್‌ನಲ್ಲಿ ಅರಿಯಲೂರು ರೈಲು ದುರಂತದ ಹೊಣೆ ಹೊತ್ತು ರೈಲ್ವೆ ಸಚಿವ ಸ್ಥಾನ ಬಿಟ್ಟ ಲಾಲ್ ಬಹಾದುರ್ ಶಾಸ್ತ್ರಿ 1964ರಲ್ಲಿ ಪ್ರಧಾನಿಯಾದರು. ಫಾಕ್‌ಲ್ಯಾಂಡ್ ದ್ವೀಪಗಳ ಮೇಲೆ ಅರ್ಜೆಂಟೀನಾ ದಾಳಿ ಮಾಡಿದ ಮೂರೇ ದಿನಕ್ಕೆ, 1982ರ ಏಪ್ರಿಲ್ 5ರಂದು, ಬ್ರಿಟನ್ನಿನ ವಿದೇಶಾಂಗ ಸಚಿವ ಲಾರ್ಡ್ ಕ್ಯಾರಿಂಗ್ಟನ್ ಹುದ್ದೆ ತೊರೆದರು. ಎರಡು ವರ್ಷಗಳಲ್ಲಿ ನ್ಯಾಟೊ ಒಕ್ಕೂಟದ ಮಹಾಕಾರ್ಯದರ್ಶಿಯಾದರು. ಇಬ್ಬರೂ ಯಾರೂ ಕುತ್ತಿಗೆ ಹಿಡಿದು ತಳ್ಳುವ ಮೊದಲೇ ಹೋದವರು ಎಂಬುದು ಮುಖ್ಯ. ನಿಮ್ಮ ನಾಯಕರು ರಾಜೀನಾಮೆ ಕೊಡಲಿ ಎನ್ನುತ್ತಿಲ್ಲ, ಆ ಗಳಿಗೆ ಕಳೆದುಹೋಗಿದೆ.

ನಿಮ್ಮ ಕಚೇರಿಯಲ್ಲಿ ಯಾರಾದರೂ ಇಷ್ಟೆಲ್ಲ ಯಾಕೆ, ಎದುರಾಳಿಗಳು ತಾವೇ ಕಚ್ಚಾಡಿ ಬೀಳುತ್ತಾರೆ, ಕಾಯೋಣ ಎನ್ನಬಹುದು. ಅದೂ ಒಂದು ದಾರಿಯೇ, ಚರಿತ್ರೆಯಲ್ಲಿ ಹಲವು ಬಾರಿ ಫಲಿಸಿದೆ. ತುರ್ತು ಪರಿಸ್ಥಿತಿಯ ನಂತರ 1977ರಲ್ಲಿ ತಮ್ಮ ಕ್ಷೇತ್ರವನ್ನೇ ಕಳೆದುಕೊಂಡ ಇಂದಿರಾ ಗಾಂಧಿ 1980ರ ಜನವರಿಯಲ್ಲಿ 353 ಸ್ಥಾನಗಳೊಂದಿಗೆ ಮರಳಿದ್ದರಲ್ಲಿ ಅವರ ಹೋರಾಟದ ಛಲದಷ್ಟೇ ಜನತಾ ಸರ್ಕಾರದ ಒಳಜಗಳದ ಪಾಲೂ ಇತ್ತು. ಪೆರುವಿನಲ್ಲಿ ಅಲನ್ ಗಾರ್ಸಿಯಾ ಅವರ ಮೊದಲ ಅವಧಿ ಸಾವಿರಗಟ್ಟಲೆ ಪ್ರತಿಶತದ ಹಣದುಬ್ಬರದಲ್ಲಿ 1990ರಲ್ಲಿ ಮುಗಿದಿತ್ತು. 2006ರಲ್ಲಿ ಅವರು ಮತ್ತೆ ಗೆದ್ದದ್ದು, ಎರಡನೇ ಸುತ್ತಿನಲ್ಲಿ ಎದುರಿಗಿದ್ದ ಓಯಾಂತಾ ಉಮಾಲಾ ಅವರ ಬಗ್ಗೆ ಜನರಿಗೆ ಇನ್ನೂ ಹೆಚ್ಚಿನ ಭಯವಿದ್ದುದರಿಂದ. ಇವು ಅಧಿಕಾರ ಮರಳಿದ ಕಥೆಗಳು. ನೀವು ಕೇಳಿದ್ದು ನಂಬಿಕೆಯ ಬಗ್ಗೆ, ಮತ್ತು ಇನ್ನೊಬ್ಬರ ಮೇಲಿನ ಸಿಟ್ಟಿನಿಂದ ಸಿಕ್ಕ ಮತ ಆ ಸಿಟ್ಟು ಇಳಿಯುವವರೆಗೆ ಮಾತ್ರ ಜೊತೆಗಿರುತ್ತದೆ.

ಒಂದೂವರೆ ವರ್ಷ ಸಾಕೇ ಎಂಬುದಕ್ಕೆ ನನ್ನ ಅಂದಾಜು ಹೇಳುತ್ತೇನೆ. ನೆರೆಯ ವಿಷಯದಲ್ಲಿ ಸಾಕು, ನಡುವೆ ಒಂದು ಮಳೆಗಾಲ ಬರುತ್ತದೆ, ಅದೇ ನಿಮ್ಮ ಪರೀಕ್ಷೆ. ಶುಲ್ಕದ ವಿಷಯದಲ್ಲಿ ಸಾಲದು. ಚುನಾವಣೆಯ ಹೊತ್ತಿಗೆ ಜನ ನಿಮ್ಮ ನಾಯಕರನ್ನು ಪೂರ್ತಿ ನಂಬುವುದಿಲ್ಲ. ಹೆಚ್ಚೆಂದರೆ, ಇವರು ಸುಳ್ಳು ಹೇಳುವುದನ್ನು ನಿಲ್ಲಿಸಿದ್ದಾರೇನೋ ಎಂಬ ಅನುಮಾನದ ಲಾಭ ಕೊಡುತ್ತಾರೆ. ಧಿಕ್ಕಾರ ಕೂಗುವವರ ಕಡೆಗೆ ಈಗಲೇ ಹೋಗಿ ಫಲವಿಲ್ಲ, ಕಟ್ಟಾ ಬೆಂಬಲಿಗರ ಸಭೆಗಳಿಂದ ಆಗುವುದೇನೂ ಇಲ್ಲ. ಹಿಂದಿನ ಬಾರಿ ಮತ ಹಾಕಿ, ಈಗ ಅವರ ಹೆಸರು ಬಂದರೆ ಮಾತು ಬದಲಿಸುವವರು ಇದ್ದಾರಲ್ಲ, ಲೆಕ್ಕ, ವರದಿ, ದಿನಾಂಕ ಎಲ್ಲವೂ ಮೊದಲು ತಲುಪಬೇಕಾದದ್ದು ಅವರಿಗೆ.

ಇನ್ನು ನಿಮ್ಮ ಕರಡು. ಎಂಟು ಪುಟಗಳಲ್ಲಿ ನಾಲ್ಕು ಪುಟ ಸಾಧನೆಗಳ ಪಟ್ಟಿ. ಅದನ್ನು ಪೂರ್ತಿ ತೆಗೆಯಿರಿ, ಬೇರೊಂದು ದಿನಕ್ಕಿರಲಿ. ಐದನೇ ಪುಟದಲ್ಲಿ ಅನಿವಾರ್ಯ ಕಾರಣಗಳಿಂದ ಶುಲ್ಕ ಪರಿಷ್ಕರಣೆಯಾಗಿದ್ದು ಎಂದಿರುವಲ್ಲಿ, ಹೆಚ್ಚಿಸುವುದಿಲ್ಲವೆಂದು ಬರೆದುಕೊಟ್ಟಿದ್ದೆ, ಹೆಚ್ಚಿಸಿದೆ ಎಂದು ಬರೆಯಿರಿ. ಕಾರಣ ಅದರ ನಂತರ ಬರಲಿ, ಎರಡು ವಾಕ್ಯ ಮೀರದಿರಲಿ. ನೋವಾಗಿದ್ದರೆ ಎಂಬುದು ಮೂರು ಕಡೆ ಇದೆ, ಮೂರನ್ನೂ ಹೊಡೆದುಹಾಕಿ. ನೆರೆಯ ಭಾಗವನ್ನು ಇದರಿಂದ ಬೇರ್ಪಡಿಸಿ, ಪರಿಶೀಲನೆಯ ವರದಿ ಕೈಗೆ ಬಂದ ದಿನ ಅದರ ಜೊತೆಗೇ ಓದಿಸಿ. ಉಳಿಯುವುದು ಒಂದೂವರೆ ಪುಟ. ಅದನ್ನು ವಕೀಲರಿಗೆ ತೋರಿಸಬೇಕಾಗುತ್ತದೆ, ತೋರಿಸಿ. ಆದರೆ ಮೊದಲ ವಾಕ್ಯವನ್ನು ಅವರು ತಿದ್ದಿದರೆ ಭಾಷಣವನ್ನು ಮುಂದಕ್ಕೆ ಹಾಕಿ, ಶುಲ್ಕದ ಮಸೂದೆ ಸದನದಲ್ಲಿ ಮಂಡನೆಯಾದ ಮೇಲೆ ನೋಡೋಣ.